ಒಂದು ಅಡಿ ಕಪಾಟಿನ ತೂಕ

ಮೊದಲು ಕೇಳಿದ್ದು ಇಂಜಿನಿಯರ್ ಬಸವಂತರಾಯ:
‘ಮೇಡಂ, ನಿಮ್ಮ ಪುಸ್ತಕ ಎಷ್ಟು ತೂಗ್ತಾವ?’

ಹದಿನೇಳು ವರ್ಷದಿಂದ ಇದೇ ಸೇಡಂ ಕಾಲೇಜಿನಲ್ಲಿ
ಎಣಿಸಿದ್ದೇನೆ, ಒರೆಸಿದ್ದೇನೆ,
ಗೆದ್ದಲು ತಿಂದದ್ದಕ್ಕೆ ಷರಾ ಬರೆದಿದ್ದೇನೆ.
ಒಯ್ದವರ ಹೆಸರು, ತರದವರ ದಂಡ,
ಎಲ್ಲಕ್ಕೂ ರಿಜಿಸ್ಟರ್ ಇದೆ.
ತೂಕಕ್ಕೆ ಮಾತ್ರ ಇಲ್ಲ.

ಝರೆಪ್ಪ ಅಡತ್ ಅಂಗಡಿಯಿಂದ ಕಾಟಾ ಹೊತ್ತು ತಂದ.
ತೊಗರಿ ತೂಗುವ ಕಾಟಾ,
ತಟ್ಟೆಯ ಸಂದಿನಲ್ಲಿ ಇನ್ನೂ ನಾಲ್ಕು ಕಾಳು.
ಅಳತೆಪಟ್ಟಿ ಹಿಡಿದು ಒಂದೊಂದು ಅಡಿ ತೆಗೆದು ಇಟ್ಟೆವು:
ವಾಣಿಜ್ಯ, ಹನ್ನೊಂದು ಕಿಲೊ ಇನ್ನೂರು.
ಇತಿಹಾಸ, ಒಂಬತ್ತೂವರೆ.
ನೌಕರಿ ಪರೀಕ್ಷೆಯ ಗೈಡುಗಳು ಹದಿಮೂರು ದಾಟಿದವು.
ಕವನ ಸಂಕಲನ, ಐದು ಕಿಲೊ ಚಿಲ್ಲರೆ.
‘ಇದರಾಗ ಹೊಟ್ಟು ಭಾಳ ಕಾಣ್ತದ’ ಅಂದ ಝರೆಪ್ಪ.

ಬಸವಂತರಾಯ ನಗಲಿಲ್ಲ. ಗುಣಿಸಿದ, ಕೂಡಿಸಿದ.
‘ಮ್ಯಾಲಿನ ಮಹಡಿ ಅಂದ್ರ ಬೀಮು ದಪ್ಪ ಆಗಬೇಕ್ರಿ,
ಆರು ಲಕ್ಷ ಜಾಸ್ತಿ.’
ಹೀಗೆ ಗ್ರಂಥಾಲಯ ನೆಲಕ್ಕೆ ಇಳಿಯಿತು,
ಪ್ರಿನ್ಸಿಪಾಲರ ಕೋಣೆ ಮೇಲೆ ಹತ್ತಿತು.
ಅವರು ಮೇಜಿನ ಕೆಳಗೆ ಮೆಲ್ಲಗೆ
ತಮ್ಮ ಮೊಣಕಾಲು ಒತ್ತಿಕೊಂಡದ್ದು ನಾನೊಬ್ಬಳೇ ನೋಡಿದೆ.

ಮಂಜೂರಾತಿ ನಲವತ್ತೆರಡು ಲಕ್ಷ.
ನಲವತ್ತೆರಡು ಅಂದರೆ ಕಾಗದದಲ್ಲಿ;
ತೆರಿಗೆ ಕಳೆದು, ಅವರದು ಕಳೆದು, ಇವರದು ಕಳೆದು
ಮೂವತ್ತೈದು ಅಂತ ಹಿಡಿದುಕೊಂಡೆ.
ಹೆಸರು ಕೊರೆಸಲು ಬಾಗಿಲಿಗೊಂದು ಕಮಾನು ಬೇಕಂತೆ,
ಅದಕ್ಕೆ ಎರಡೂವರೆ.
ಹುಡುಗಿಯರ ಶೌಚಾಲಯಕ್ಕೂ ಎರಡೂವರೆಯೇ.
ಸಭೆಯಲ್ಲಿ ಇವೆರಡನ್ನೂ ಒಂದರ ಕೆಳಗೊಂದು ಓದಿ
ಸುಮ್ಮನೆ ಕೂತೆ.
ಫ್ಯಾನು ತಿರುಗುತ್ತಿತ್ತು.
ಕಮಾನನ್ನು ಯಾರೋ ಕೆಮ್ಮುತ್ತಾ ಹೊಡೆದುಹಾಕಿದರು.

ಪಡುವಣ ಗೋಡೆಗೆ ಕಿಟಕಿ ಬೇಡ ಅಂದೆ.
ಮೇ ತಿಂಗಳ ಬಿಸಿಲಿಗೆ ಬೆನ್ನಿನ ಅಂಟು ಬಿಟ್ಟು
ಹಾಳೆಗಳು ಕೈಗೇ ಬರುತ್ತವೆ;
ಸಿಮೆಂಟ್ ಫ್ಯಾಕ್ಟರಿಯ ಧೂಳು ಯಾವ ಕಿಟಕಿಯನ್ನೂ ಕೇಳಿ ಬರುವುದಿಲ್ಲ.
ಹೈದರಾಬಾದಿನ ಉಕ್ಕಿನ ರ‍್ಯಾಕು ಒಂದಕ್ಕೆ ಹನ್ನೊಂದು ಸಾವಿರದ ನಾನೂರು,
ಬೇಕಾದದ್ದು ಅರವತ್ತು,
ಕ್ಯಾಲ್ಕುಲೇಟರ್ ಮುಚ್ಚಿಟ್ಟೆ.

‘ಫರ್ಸಿ ಹಾಕ್ರಿ’ ಅಂದ ಮೇಸ್ತ್ರಿ ಚಾಂದಪಾಷಾ.
‘ಗೋಡೆಯಿಂದ ಗೋಡೆಗೆ ಫರ್ಸಿ.
ಗೆದ್ದಲು ಹತ್ತೂದಿಲ್ಲ, ತುಕ್ಕು ಹತ್ತೂದಿಲ್ಲ,
ನಿಮ್ಮ ಮೊಮ್ಮಕ್ಕಳು ಬಂದ್ರೂ ಹಿಂಗೇ ಇರ್ತದ.’
ಅಡುಗೆಮನೆಯಲ್ಲಿ ಉಪ್ಪು ಎಣ್ಣೆ ಹೊತ್ತ ಕಲ್ಲು,
ನಾವು ಊಟಕ್ಕೆ ಕೂರುವ ಕಲ್ಲು,
ಅದರ ಮೇಲೆ ಪುಸ್ತಕ ಇಡಬಹುದೆಂದು
ನನಗೇ ಹೊಳೆದಿರಲಿಲ್ಲ.

ಎರಡನೇ ಬಿಎ ಜಗದೇವಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.
ಅವಳ ಅಪ್ಪ ಖಣಿಯಲ್ಲಿ ಅದೇ ಕಲ್ಲನ್ನು ಪದರು ಪದರು ಎಬ್ಬಿಸುವವನು.
‘ಮೇಡಂ, ಅಂಚು ಪಾಲೀಶ್ ಮಾಡಿಸ್ರಿ,
ಇಲ್ಲಾಂದ್ರ ಕೈ ಕೊಯ್ತದ’ ಅಂದು
ಹೆಬ್ಬೆರಳು ತೋರಿಸಲು ಹೋಗಿ, ಮಡಚಿಕೊಂಡಳು.
ಅಂಚು ಪಾಲೀಶು: ಅಡಿಗೆ ಇಪ್ಪತ್ತೆರಡು ರೂಪಾಯಿ.
ಬರೆದೆ. ಅದರ ಸುತ್ತ ಗೆರೆ ಎಳೆದೆ,
ಯಾರೂ ಹೊಡೆದುಹಾಕದ ಹಾಗೆ.

ಸಂಜೆ ಕಾಟಾ ವಾಪಸ್ ಕೊಟ್ಟು ಬಂದ ಝರೆಪ್ಪ
ತಲೆ ಕೆರೆಯುತ್ತಾ ಅಂದ:
‘ಮೇಡಂ, ಅದು ರೈತರ ಕಡಿಂದ ಖರೀದಿ ಮಾಡೋ ಕಾಟಾ.
ಕಿಲೊಕ್ಕ ಐವತ್ತು ಗ್ರಾಂ
ಕಮ್ಮಿ ತೋರಸ್ತದಂತ.’

ಮತ್ತೆ ಕೂತೆ. ಎಲ್ಲ ಸಾಲಿಗೂ ಅಷ್ಟಷ್ಟು ಸೇರಿಸಿದೆ,
ಕವನಗಳಿಗೂ.
ಕೊನೆಗೆ ‘ಇತರೆ’ ಅನ್ನುವ ಸಾಲು ಖಾಲಿ ಉಳಿದಿತ್ತು.
ನಾಲ್ಕೂ ಐವತ್ತರ ಬಸ್ಸಿಗೆ ಕಾಯುವ ತಾಂಡಾದ ಹುಡುಗಿಯರು
ಈಗ ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತು ಓದುತ್ತಾರೆ.
ಬೇವಿನ ಬುಡಕ್ಕೆ ಒಂದು ಬೆಂಚು,
ಒಡೆದ ಫರ್ಸಿಯದೇ ಆಗಲಿ,
ಎಂದು ಪೆನ್ಸಿಲ್‌ನಲ್ಲಿ ಬರೆದು
ಎದುರಿಗೆ ಮೊತ್ತ ಹಾಕದೆ ಬಿಟ್ಟೆ.